ಒಂದು ದಿನದ ವಿರಾಮ, ಹತ್ತು ರೂಪಾಯಿ ಕಡಿತ

ಕರ್ನಾಟಕದ ಕಾಲೇಜು ಅಧ್ಯಾಪಕರ ಹೋರಾಟಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ವೇತನ ಶ್ರೇಣಿಗಳಿಂದ ಆರಂಭಿಸುತ್ತಾರೆ. 1973ರ ಯುಜಿಸಿ ಶ್ರೇಣಿ, 1986ರ ಶ್ರೇಣಿ, 1996ರದು, 2006ರದು, 2016ರದು. ಪ್ರತಿ ಶ್ರೇಣಿಯ ಹಿಂದೆ ಒಂದು ಸಮಿತಿ, ಪ್ರತಿ ಸಮಿತಿಯ ಹಿಂದೆ ಒಂದಷ್ಟು ಧರಣಿ, ಮುಷ್ಕರ. ಇದು ಗೆದ್ದವರ ಚರಿತ್ರೆ. ಗೆದ್ದವರ ಪಕ್ಕದಲ್ಲೇ, ಅದೇ ಸ್ಟಾಫ್ ರೂಮಿನಲ್ಲಿ, ಅದೇ ಪಠ್ಯವನ್ನು ಪಾಠ ಮಾಡುತ್ತಾ ಕುಳಿತ ಇನ್ನೊಂದು ಅಧ್ಯಾಪಕ ವರ್ಗವಿದೆ. ಅವರ ಚರಿತ್ರೆಯನ್ನು ಹೇಳಬೇಕಾದರೆ ಎರಡು ಸಣ್ಣ ಸಂಗತಿಗಳಿಂದ ಆರಂಭಿಸಬೇಕು: ಒಂದು ದಿನದ ವಿರಾಮ ಮತ್ತು ಹತ್ತು ರೂಪಾಯಿ.

ಎಂಬತ್ತರ ದಶಕದಲ್ಲಿ ರಾಜ್ಯದ ಖಾಸಗಿ ಅನುದಾನಿತ ಕಾಲೇಜುಗಳಲ್ಲಿ 'ಸ್ಟಾಪ್‌ಗ್ಯಾಪ್' ಉಪನ್ಯಾಸಕರು ಎಂಬ ಹೆಸರಿನ ಒಂದು ಗುಂಪಿತ್ತು. ಇವರನ್ನು ಮೂರು ತಿಂಗಳಿಗೆ ನೇಮಿಸಲಾಗುತ್ತಿತ್ತು. ಅವಧಿ ಮುಗಿದೊಡನೆ ಒಂದೆರಡು ದಿನ ಬಿಡುವು ಕೊಟ್ಟು ಮತ್ತೆ ಮೂರು ತಿಂಗಳಿಗೆ ನೇಮಕ. ಹೀಗೆ ವರ್ಷಗಳೇ ಉರುಳುತ್ತಿದ್ದವು. ಸಂಬಳ ನಿಗದಿತ ಮೊತ್ತ. ಅದೂ ಕಾಯಂ ಅಧ್ಯಾಪಕರ ಕನಿಷ್ಠ ವೇತನಕ್ಕಿಂತ ಹತ್ತು ರೂಪಾಯಿ ಕಡಿಮೆ. ಆ ಹತ್ತು ರೂಪಾಯಿಯಿಂದ ಸರ್ಕಾರದ ಬೊಕ್ಕಸ ತುಂಬುವುದಿಲ್ಲ. ಒಂದು ದಿನದ ವಿರಾಮದಿಂದ ಕಾಲೇಜಿಗೆ ಯಾವ ಅನುಕೂಲವೂ ಇಲ್ಲ. 'ನೀನು ಇಲ್ಲಿನವನಲ್ಲ' ಎಂದು ಪ್ರತಿ ಮೂರು ತಿಂಗಳಿಗೊಮ್ಮೆ ನೆನಪಿಸುವುದಷ್ಟೇ ಅವುಗಳ ಕೆಲಸ.

ಈ ಉಪನ್ಯಾಸಕರು ಸಂಘ ಕಟ್ಟಿಕೊಂಡು ಸುಪ್ರೀಂ ಕೋರ್ಟಿನವರೆಗೆ ಹೋದರು. 1992ರಲ್ಲಿ ತೀರ್ಪು ಬಂತು. ವಿರಾಮದ ದಿನಗಳೂ ಸೇರಿದಂತೆ ಮೂರು ವರ್ಷ ದುಡಿದವರನ್ನು ತೆಗೆಯಬಾರದು, ಹುದ್ದೆ ತೆರವಾದಂತೆ ಅವರನ್ನು ಸೇರಿಸಿಕೊಳ್ಳಬೇಕು, ಕಾಯಂ ಅಧ್ಯಾಪಕರಿಗೆ ಸಲ್ಲುವ ವೇತನವನ್ನೇ ಅವರಿಗೂ ಕೊಡಬೇಕು, ರಜಾ ಕಾಲದಲ್ಲೂ ಅವರ ಸೇವೆ ಮುಂದುವರಿಯಬೇಕು ಎಂದು ನ್ಯಾಯಾಲಯ ಹೇಳಿತು. ಅಧ್ಯಾಪಕ ಸಂಘಟನೆಯ ಚರಿತ್ರೆಯಲ್ಲಿ ಇದು ವೇತನ ಶ್ರೇಣಿಗಳಷ್ಟೇ ದೊಡ್ಡ ಗೆಲುವು. ಆದರೆ ಇಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಆ ಗೆಲುವಿನಿಂದ ಏನೂ ದಕ್ಕಿಲ್ಲ. ಹೀಗೇಕಾಯಿತು?

ನಾಲ್ಕು ಊರುಗಳು

ಈ ನಾಲ್ಕು ತಾಲೂಕುಗಳು ಹಿಂದೆ ಬೆಂಗಳೂರು ಜಿಲ್ಲೆಯಲ್ಲಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಉನ್ನತ ಶಿಕ್ಷಣದ ಮಟ್ಟಿಗೆ ಇವು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. 2017ರಲ್ಲಿ ಆ ವಿಶ್ವವಿದ್ಯಾಲಯ ಮೂರು ಹೋಳಾದಾಗಲೂ ಈ ಭಾಗ ಹಳೆಯ ಮನೆಯಲ್ಲೇ ಉಳಿಯಿತು. ರಾಮನಗರದಲ್ಲಿ ಅದರ ಸ್ನಾತಕೋತ್ತರ ಕೇಂದ್ರವೂ ಇದೆ.

ರೇಷ್ಮೆ ಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚುವ ಮನೆಗಳ ರಾಮನಗರ, ಬಣ್ಣದ ಬೊಂಬೆಗಳ ಚನ್ನಪಟ್ಟಣ, ಗ್ರಾನೈಟ್ ಮತ್ತು ರೇಷ್ಮೆಯ ಕನಕಪುರ, ರೇಷ್ಮೆ ಹುರಿಯ ಮಾಗಡಿ. ರಾಮನಗರ, ಚನ್ನಪಟ್ಟಣಗಳ ಮೂಲಕ ಮೈಸೂರಿನ ರೈಲು ಹೋಗುತ್ತದೆ. ಕನಕಪುರ, ಮಾಗಡಿಗಳಿಗೆ ಬಸ್ಸೇ ಗತಿ. ಗಾಂಧಿವಾದಿ ಎಸ್. ಕರಿಯಪ್ಪನವರು ಕನಕಪುರದಲ್ಲಿ ರೂರಲ್ ಎಜುಕೇಷನ್ ಸೊಸೈಟಿ ಕಟ್ಟಿದ್ದು ಹಳ್ಳಿಯ ಮಕ್ಕಳು ಬೆಂಗಳೂರಿಗೆ ಹೋಗಲಾರರು ಎಂಬ ಕಾರಣಕ್ಕೆ. ಬೆಂಗಳೂರು ಹತ್ತಿರವೇ ಇದ್ದರೂ ಆ ಕಾರಣ ಇಂದಿಗೂ ಹೋಗಿಲ್ಲ. ಅದರಲ್ಲೂ ಹೆಣ್ಣುಮಕ್ಕಳ ಪಾಲಿಗೆ, ಮನೆಯಿಂದ ನಡೆದೋ ಬಸ್ಸಿನಲ್ಲೋ ಹೋಗಿ ಸಂಜೆಯೊಳಗೆ ಮರಳಬಹುದಾದ ಕಾಲೇಜು ಇದ್ದರೆ ಪದವಿ ಉಂಟು, ಇಲ್ಲದಿದ್ದರೆ ಇಲ್ಲ.

2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ದೇಶದಲ್ಲಿ 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆ, ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಶೇ. 7ರಷ್ಟಿತ್ತು. ಈ ಅಂತರವನ್ನು ತುಂಬಬೇಕಾದದ್ದು ಇಂಥ ಊರುಗಳ ಸರ್ಕಾರಿ ಕಾಲೇಜುಗಳು. ಅಲ್ಲಿ ಪಾಠ ಮಾಡುವವರ ಬದುಕು ಹೇಗಿದೆ ಎಂಬುದು ಅಧ್ಯಾಪಕರ ಖಾಸಗಿ ವ್ಯವಹಾರವಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಸಂಘ ಗಳಿಸಿದ್ದು

ಅಖಿಲ ಭಾರತ ಮಟ್ಟದಲ್ಲಿ ವಿಶ್ವವಿದ್ಯಾಲಯ ಮತ್ತು ಕಾಲೇಜು ಅಧ್ಯಾಪಕರ ಸಂಘಗಳ ಒಕ್ಕೂಟ 'ಐಫುಕ್ಟೊ' ಹುಟ್ಟಿದ್ದು 1962ರಲ್ಲಿ. ಕರ್ನಾಟಕದಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಧ್ಯಾಪಕ ಸಂಘಗಳು ಸೇರಿ 'ಫುಕ್ಟಾಕ್' ಒಕ್ಕೂಟ ಕಟ್ಟಿಕೊಂಡವು. ಆ ಕಾಲದ ಖಾಸಗಿ ಕಾಲೇಜುಗಳಲ್ಲಿ ಅಧ್ಯಾಪಕ ಆಡಳಿತ ಮಂಡಳಿಯ ಕೃಪೆಯಲ್ಲಿ ಬದುಕಬೇಕಿತ್ತು. ಅನುದಾನ ಮಂಡಳಿಯ ಕೈಗೆ ಬರುವಷ್ಟು ದಿನ, ಪೂರ್ತಿ ಸಂಬಳಕ್ಕೆ ಸಹಿ ಹಾಕಿ ಅರ್ಧ ಪಡೆಯುವ ಪದ್ಧತಿ ಅಲ್ಲಲ್ಲಿ ಇದ್ದದ್ದು ಹಳಬರಿಗೆ ಗೊತ್ತು. ವೇತನವನ್ನು ಸರ್ಕಾರವೇ ನೇರವಾಗಿ ಪಾವತಿಸುವ ವ್ಯವಸ್ಥೆ ಬಂದ ಮೇಲೆ ಈ ಹಿಡಿತ ಸಡಿಲವಾಯಿತು. ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣಕ್ಕಾಗಿ 1975ರಲ್ಲಿ ರಾಜ್ಯ ತಂದ ಕಾಯ್ದೆ, ವಿಚಾರಣೆಯಿಲ್ಲದೆ ನೌಕರರನ್ನು ವಜಾ ಮಾಡುವುದನ್ನು ತಡೆದು ಮೇಲ್ಮನವಿಗೆ ನ್ಯಾಯಮಂಡಳಿಯ ದಾರಿ ತೋರಿಸಿತು. 1987ರಲ್ಲಿ ಐಫುಕ್ಟೊ ಕರೆಯ ಮೇರೆಗೆ ದೇಶದಾದ್ಯಂತ ನಡೆದ ದೊಡ್ಡ ಮುಷ್ಕರ 1986ರ ಶ್ರೇಣಿಯ ಜಾರಿಗೆ ಬಲ ತಂದಿತು. 700 ರೂಪಾಯಿಯಿಂದ ಆರಂಭವಾಗುತ್ತಿದ್ದ ಉಪನ್ಯಾಸಕರ ಮೂಲ ವೇತನ 2,200ಕ್ಕೆ ಏರಿತು.

ಸಂಘವೆಂದರೆ ಬರೀ ಬೇಡಿಕೆಗಳ ಪಟ್ಟಿಯಾಗಿರಲಿಲ್ಲ. ಸಣ್ಣ ಊರಿನ ಕಾಲೇಜುಗಳಲ್ಲಿ ಒಂದು ವಿಷಯಕ್ಕೆ ಒಬ್ಬರೋ ಇಬ್ಬರೋ ಅಧ್ಯಾಪಕರಿರುತ್ತಾರೆ. ಮಾಗಡಿಯ ಇತಿಹಾಸದ ಮೇಷ್ಟ್ರಿಗೆ ಚನ್ನಪಟ್ಟಣದ ಇತಿಹಾಸದ ಮೇಷ್ಟ್ರು ಸಿಗುವುದು ವಿಶ್ವವಿದ್ಯಾಲಯದ ಮೌಲ್ಯಮಾಪನದಲ್ಲಿ, ಪಠ್ಯದ ಕಮ್ಮಟದಲ್ಲಿ, ಸಂಘದ ಸಭೆಯಲ್ಲಿ. ನಿವೃತ್ತರ ಬೀಳ್ಕೊಡುಗೆ, ಸತ್ತವರ ಮನೆಗೆ ಒಂದಿಷ್ಟು ನೆರವು, ಹೊಸ ಪಠ್ಯದ ಬಗ್ಗೆ ಜಗಳ, ವರ್ಗಾವಣೆಯ ಗೋಳು, ಎಲ್ಲವೂ ಅಲ್ಲೇ. ಜಾತಿ, ಧರ್ಮಗಳ ಗೋಡೆ ದಾಟಿ ಒಂದೇ ಚಾಪೆಯ ಮೇಲೆ ಕೂರಿಸುವ ಜಾಗಗಳು ಊರಿನಲ್ಲಿ ಕಡಿಮೆಯಾಗುತ್ತಿರುವಾಗ ಇಂಥ ಕೂಟಗಳ ಬೆಲೆ ಹೆಚ್ಚು.

ಕಾನೂನಿನ ಎರಡು ನಾಲಿಗೆ

ಆದರೂ ಅಧ್ಯಾಪಕರ ಸಂಘಕ್ಕೆ ಕಾನೂನಿನಲ್ಲಿ ಒಂದು ವಿಚಿತ್ರ ಸ್ಥಾನವಿತ್ತು. ಬೆಂಗಳೂರು ಜಲಮಂಡಳಿಯ ನೌಕರ ಎ. ರಾಜಪ್ಪ ಮತ್ತಿತರರ ಮೊಕದ್ದಮೆಯಲ್ಲಿ 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪ್ರಸಿದ್ಧ ತೀರ್ಪು, ಶಿಕ್ಷಣ ಸಂಸ್ಥೆಯೂ 'ಉದ್ಯಮ'ವೇ ಎಂದಿತು. ಹತ್ತು ವರ್ಷದ ನಂತರ, 1988ರಲ್ಲಿ, ಗೋವಾದ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು, ಶಾಲೆ ಉದ್ಯಮವಾದರೂ ಶಿಕ್ಷಕರು 'ಕಾರ್ಮಿಕ'ರಲ್ಲ ಎಂದಿತು. ಕಾಲೇಜಿನ ಜವಾನ, ಮಾಲಿಗೆ ದೊರೆತ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಪಾಠ ಹೇಳುವವರಿಗೆ ದೊರೆಯಲಿಲ್ಲ. ಗುರುವನ್ನು ಕಾರ್ಮಿಕನ ಸಾಲಿನಿಂದ ಮೇಲೆತ್ತಿದ ಈ ಗೌರವ ಅವನ ಕೈ ಖಾಲಿ ಮಾಡಿತು.

ಇನ್ನೊಂದು ಪೆಟ್ಟು 2006ರ ಏಪ್ರಿಲ್ 10ರಂದು ಬಿತ್ತು. ಅದೂ ಕರ್ನಾಟಕದ್ದೇ ಪ್ರಕರಣ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಾದ ಉಮಾದೇವಿ ಮತ್ತಿತರರ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ನಿಯಮಬದ್ಧ ಆಯ್ಕೆಯಿಲ್ಲದೆ ಬಂದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕಿಲ್ಲ ಎಂದು ತೀರ್ಮಾನಿಸಿತು. ಹತ್ತು ವರ್ಷ ದಾಟಿದ ಕೆಲವರಿಗೆ ಒಂದು ಬಾರಿಯ ವಿನಾಯಿತಿ ಇತ್ತಷ್ಟೆ. ಈ ತತ್ವಕ್ಕೆ ವಿರುದ್ಧವಾದ ಹಿಂದಿನ ತೀರ್ಪುಗಳಿಗೆ ಇನ್ನು ಪೂರ್ವನಿದರ್ಶನದ ಬಲವಿಲ್ಲವೆಂದೂ ಹೇಳಿತು. ಹಿಂಬಾಗಿಲ ನೇಮಕ ತಡೆಯುವುದು, ಉದ್ಯೋಗಕ್ಕಾಗಿ ಕಾದಿರುವ ಉಳಿದವರಿಗೂ ಸಮಾನ ಅವಕಾಶ ಕೊಡುವುದು ಅದರ ಉದ್ದೇಶ. ಅದು ತಪ್ಪೆನ್ನಲಾಗದು. ಆದರೆ ಮುಂಬಾಗಿಲನ್ನು ವರ್ಷಗಟ್ಟಲೆ ಮುಚ್ಚಿಟ್ಟವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅದೇ ತಿಂಗಳ ಮೊದಲ ದಿನದಿಂದ ರಾಜ್ಯದಲ್ಲಿ ಹೊಸದಾಗಿ ಸೇರುವ ಸರ್ಕಾರಿ ನೌಕರರಿಗೆ ಹಳೆಯ ಪಿಂಚಣಿಯೂ ನಿಂತಿತ್ತು. ಕಾಯಂ ಆದವರಲ್ಲೇ ಎರಡು ಪಂಗಡಗಳಾದವು. ಕಾಯಂ ಆಗದವರದು ಮೂರನೆಯದು.

ಅತಿಥಿಗಳು

'ಸ್ಟಾಪ್‌ಗ್ಯಾಪ್' ಹೋಗಿ 'ಅತಿಥಿ ಉಪನ್ಯಾಸಕ' ಬಂದದ್ದು ಹೀಗೆ. ಹೆಸರು ಸೌಮ್ಯವಾಗಿದೆ. ಸಂಬಳದ ಬದಲು ಗೌರವಧನ. ಮೂರು ತಿಂಗಳ ಬದಲು ಒಂದು ಶೈಕ್ಷಣಿಕ ವರ್ಷ. ಒಂದು ದಿನದ ವಿರಾಮದ ಬದಲು ಇಡೀ ರಜಾ ಕಾಲ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. ಹೊಸ ಹೆಸರಿನ ಕೆಳಗೆ ಹಳೆಯ ತಂತ್ರವೇ ಬಲಿತಿತ್ತು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿಗಳ ಸಂಖ್ಯೆ ಮನೆಯವರ ಸಂಖ್ಯೆಯನ್ನು ಮೀರಿತು.

ಹಲವೆಡೆ ಇವರು ಸ್ಥಳೀಯರು. ಕಾಯಂ ಅಧ್ಯಾಪಕ ಬೆಂಗಳೂರಿನಿಂದ ಬಂದು ಹೋಗಬಹುದು, ವರ್ಗವಾಗಬಹುದು. ಯಾವ ಹುಡುಗಿ ಏಕೆ ವಾರದಿಂದ ಬಂದಿಲ್ಲ, ಯಾರ ಮನೆಯಲ್ಲಿ ರೀಲಿಂಗ್ ನಿಂತಿದೆ, ಯಾರ ತಂದೆಯನ್ನು ಒಪ್ಪಿಸಬೇಕು ಎಂಬುದು ಊರಿನವರಾದ ಅತಿಥಿಗೆ ಗೊತ್ತಿರುತ್ತದೆ. ಊರಿಗೂ ಕಾಲೇಜಿಗೂ ನಡುವಿನ ಸೇತುವೆಯಾದವರನ್ನೇ ಹೊರಗಿನವರೆಂದು ಕರೆದದ್ದು ಈ ವ್ಯವಸ್ಥೆಯ ವಿಡಂಬನೆ.

2021ರ ಕೊನೆಗೆ ಇವರು ತರಗತಿ ಬಹಿಷ್ಕರಿಸಿದಾಗ ರಾಜ್ಯದಲ್ಲಿ ಸುಮಾರು 14 ಸಾವಿರ ಅತಿಥಿ ಉಪನ್ಯಾಸಕರಿದ್ದರು. ನಿಗದಿತ ವಿದ್ಯಾರ್ಹತೆ ಇದ್ದವರಿಗೆ ತಿಂಗಳಿಗೆ 13 ಸಾವಿರ, ಇಲ್ಲದವರಿಗೆ 11 ಸಾವಿರ ರೂಪಾಯಿ ಗೌರವಧನ. 2022ರ ಜನವರಿಯಲ್ಲಿ ಸರ್ಕಾರ ಅದನ್ನು 26ರಿಂದ 32 ಸಾವಿರದವರೆಗೆ ಏರಿಸಿತು. ಜೊತೆಗೆ ವಾರದ ಕಾರ್ಯಭಾರವನ್ನೂ 15 ಗಂಟೆಗೆ ಏರಿಸಿತು. ಲೆಕ್ಕ ಸರಳ: ಒಬ್ಬರಿಗೆ ಹೆಚ್ಚು ಗಂಟೆ ಎಂದರೆ ಇನ್ನೊಬ್ಬರಿಗೆ ಕೆಲಸವಿಲ್ಲ. ಗೆದ್ದ ಮುಷ್ಕರ ಸಾವಿರಾರು ಮಂದಿಯನ್ನು ಮನೆಗೆ ಕಳಿಸಿತು. ಅದೇ ಹೊತ್ತಿನಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳ ನೇಮಕಾತಿಯೂ ನಡೆಯಿತು. ಬಹುಕಾಲದ ನಂತರ ತೆರೆದ ಆ ಬಾಗಿಲಲ್ಲಿ ಅತಿಥಿಯೂ ಹೊಸ ಪದವೀಧರನೂ ಪರಸ್ಪರ ಪ್ರತಿಸ್ಪರ್ಧಿಗಳಾಗಿ ನಿಂತರು.

2023ರ ನವೆಂಬರಿನಲ್ಲಿ ಮತ್ತೆ ಬಹಿಷ್ಕಾರ. ಈ ಬಾರಿ ಬೇಡಿಕೆ ಒಂದೇ: ಸೇವೆ ಕಾಯಂ ಮಾಡಿ. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆಯೂ ನಡೆಯಿತು. ಸರ್ಕಾರ ಸೇವಾವಧಿಗೆ ಅನುಗುಣವಾಗಿ 5ರಿಂದ 8 ಸಾವಿರ ರೂಪಾಯಿ ಗೌರವಧನ ಹೆಚ್ಚಳ, 60 ವರ್ಷ ತುಂಬಿದವರಿಗೆ 5 ಲಕ್ಷ ಇಡಿಗಂಟು, ಆರೋಗ್ಯ ವಿಮೆಗಳನ್ನು ಪ್ರಕಟಿಸಿತು. ಕಾಯಮಾತಿಗೆ ಮಾತ್ರ ಕಾನೂನಿನ ತೊಡಕು ಮುಂದೊಡ್ಡಿತು. ಅದೇ ಫೆಬ್ರವರಿಯಲ್ಲಿ ಈ ಜಿಲ್ಲೆಯೂ ಸೇರಿದ ಬೆಂಗಳೂರು ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಉಪಚುನಾವಣೆ ನಡೆದು ಕಾಂಗ್ರೆಸ್ಸಿನ ಪುಟ್ಟಣ್ಣ ಗೆದ್ದರು. ಶಿಕ್ಷಕರಿಗೆಂದೇ ಸಂವಿಧಾನ ಮೀಸಲಿಟ್ಟ ಕ್ಷೇತ್ರವಿದೆ. ಆದರೂ ಅತಿಥಿಯ ಪ್ರಶ್ನೆ ಇತ್ಯರ್ಥವಾಗಲು ಬೀದಿಯೇ ಬೇಕಾಯಿತು.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. 2022ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನಾ ಸಹಾಯಕರು, ಸಂಶೋಧಕರು ಸೇರಿ ಸುಮಾರು 48 ಸಾವಿರ ಮಂದಿ ಮುಷ್ಕರ ಹೂಡಿದರು. ಅವರಿಗೆ ಕಾರ್ಮಿಕ ಸಂಘದ ಪೂರ್ಣ ಮನ್ನಣೆ ಇತ್ತು. ಒಪ್ಪಂದ ಬರಹದಲ್ಲಿ ಬಂತು. ನಮ್ಮ ಅತಿಥಿಗಳ ಕೈಗೆ ಬಂದದ್ದು ಸಚಿವರ ಘೋಷಣೆ.

ನಮ್ಮ ಮನೆಯ ಮಾತು

ಸರ್ಕಾರವನ್ನು ದೂರಿದ ಮೇಲೆ ಸಮುದಾಯದ ಸಂಸ್ಥೆಗಳತ್ತಲೂ ನೋಡಬೇಕು. ದೆಹಲಿಯ ಫ್ರಾಂಕ್ ಆಂಥೊನಿ ಶಾಲೆಯ ನೌಕರರ ಸಂಘ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದು ದೊಡ್ಡ ಪ್ರಶ್ನೆ ಎತ್ತಿತ್ತು: ಅಲ್ಪಸಂಖ್ಯಾತ ಸಂಸ್ಥೆಯೆಂಬ ಕಾರಣಕ್ಕೆ ಶಿಕ್ಷಕರಿಗೆ ಕಡಿಮೆ ಸಂಬಳ ಕೊಡಬಹುದೇ? ಕೂಡದು ಎಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ತೀರ್ಪು ಹೇಳಿತು. ಸಂವಿಧಾನದ 30ನೇ ವಿಧಿ ಸಂಸ್ಥೆ ಕಟ್ಟುವ ಹಕ್ಕು ಕೊಡುತ್ತದೆಯೇ ಹೊರತು ಅಲ್ಲಿ ದುಡಿಯುವವರನ್ನು ಹಿಂಡುವ ಹಕ್ಕನ್ನಲ್ಲ. ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ಬಂದು 1990ರಲ್ಲಿ ವರದಿ ಕೊಟ್ಟವರು ಇದೇ ಚಿನ್ನಪ್ಪ ರೆಡ್ಡಿ. ಮೀಸಲಾತಿಯ ಚರ್ಚೆಯಲ್ಲಿ ನಾವು ಅವರನ್ನು ನೆನೆಯುತ್ತೇವೆ. ಈ ತೀರ್ಪಿನ ಸಂದರ್ಭದಲ್ಲಿ ಮರೆಯುತ್ತೇವೆ. ದುಡಿದವನ ಬೆವರಾರುವ ಮೊದಲೇ ಅವನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆ ಮಿಂಬರಿನಿಂದ ಕೇಳಿಬರುತ್ತದೆ. ಆದರೆ ಮಸೀದಿಯ ಇಮಾಮರು, ಮದ್ರಸದ ಉಸ್ತಾದರು, ಸಮುದಾಯದ ಶಾಲಾ ಕಾಲೇಜುಗಳ ಶಿಕ್ಷಕಿಯರು ಇವರಲ್ಲಿ ಎಷ್ಟು ಮಂದಿಗೆ ನೇಮಕದ ಪತ್ರವಿದೆ, ರಜಾ ತಿಂಗಳ ಸಂಬಳವಿದೆ ಎಂದು ಜಮಾಅತುಗಳು ಕೇಳಿಕೊಳ್ಳಬೇಕು.

2025ರ ಆಗಸ್ಟಿನಲ್ಲಿ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಿಂಗಳಿಗೆ 30 ಸಾವಿರ ಪಡೆಯುತ್ತಿದ್ದ ಅವರಿಗೆ ವೇತನ ಶ್ರೇಣಿಯ ಕನಿಷ್ಠ ಮೊತ್ತ ಸಲ್ಲಬೇಕೆಂದು ಆದೇಶಿಸಿತು. ಸಭೆಗಳಲ್ಲಿ ಗುರುಸ್ತುತಿ ಮಾಡಿದರೆ ಸಾಲದು ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಕಾಯಮಾತಿಯ ದಾರಿ ಕಿರಿದಾದಾಗ ಸಮಾನ ವೇತನದ ದಾರಿ ಹೀಗೆ ತೆರೆದಿದೆ.

ಈ ಚರಿತ್ರೆಯ ಪಾಠ ಒಂದಿದೆ. ಕಾಯಂ ಅಧ್ಯಾಪಕರ ಸಂಘ ಶ್ರೇಣಿಗಾಗಿ, ಅತಿಥಿಗಳ ಸಂಘ ಭದ್ರತೆಗಾಗಿ ಬೇರೆ ಬೇರೆ ಪೆಂಡಾಲಿನಲ್ಲಿ ಕೂತಷ್ಟು ಕಾಲ ಒಬ್ಬರ ಗೆಲುವಿನ ಬೆಲೆಯನ್ನು ಇನ್ನೊಬ್ಬರು ತೆತ್ತಿದ್ದಾರೆ. 15 ಗಂಟೆಯ ಕಾರ್ಯಭಾರ ಅದನ್ನೇ ತೋರಿಸಿತು. ಮೂರನೆಯ ಪಾಲುದಾರ ಪೆಂಡಾಲಿನ ಹತ್ತಿರಕ್ಕೂ ಬಂದಿಲ್ಲ, ಅದು ಊರು. ಪಾಠವಿಲ್ಲದೆ ವಾರಗಟ್ಟಲೆ ಖಾಲಿ ಕೂತದ್ದು ರೀಲರ್‌ಗಳ, ಬೊಂಬೆ ಮಾಡುವವರ, ಕಲ್ಲು ಒಡೆಯುವವರ ಮಕ್ಕಳು. ಗೂಡಿನ ಬೆಲೆ ಕುಸಿದ ದಿನ ಮಾರುಕಟ್ಟೆಯಲ್ಲಿ ದನಿ ಎತ್ತುವ ರಾಮನಗರ, ತನ್ನ ಕಾಲೇಜಿನಲ್ಲಿ ಕಾಯಂ ಮೇಷ್ಟ್ರು ಎಷ್ಟು, ಅತಿಥಿ ಎಷ್ಟು ಎಂದು ಲೆಕ್ಕ ಕೇಳುವ ದಿನ ಬಂದರೆ, ಅಂದು ಅಧ್ಯಾಪಕರ ಸಂಘ ಊರಿನ ಸಂಘವೂ ಆದೀತು.