ಅಸ್ಥಿಮಜ್ಜೆ ಕಸಿಯ ಅಪಾಯಕ್ಕೆ ಕಾಂಡಕೋಶದ ಕಡಿವಾಣ

ರಕ್ತದ ಕ್ಯಾನ್ಸರ್ ರೋಗಿಗೆ ಅಸ್ಥಿಮಜ್ಜೆ ಕಸಿ ಮಾಡಿದ ಬಳಿಕ, ದಾನಿಯ ರೋಗನಿರೋಧಕ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ದಾಳಿ ನಡೆಸುವುದುಂಟು. 'ಗ್ರಾಫ್ಟ್ ವರ್ಸಸ್ ಹೋಸ್ಟ್' ಎಂಬ ಈ ತೊಡಕಿನಲ್ಲಿ ಚರ್ಮ, ಕರುಳು, ಯಕೃತ್ತು ಘಾಸಿಗೊಳ್ಳುತ್ತವೆ. ಇದಕ್ಕೆ ಮೊದಲ ಚಿಕಿತ್ಸೆ ಸ್ಟೆರಾಯ್ಡ್. ಅದಕ್ಕೂ ಮಣಿಯದಿದ್ದರೆ ಪ್ರಾಣಕ್ಕೇ ಸಂಚಕಾರ.

ಮಜ್ಜೆ ಹಾಗೂ ಹೊಕ್ಕುಳಬಳ್ಳಿಯಲ್ಲಿ ದೊರೆಯುವ ಮೀಸೆಂಕೈಮಲ್ ಕಾಂಡಕೋಶಗಳು ಈ ದಾಳಿಕೋರ ಕೋಶಗಳ ಉದ್ರೇಕವನ್ನು ತಗ್ಗಿಸಬಲ್ಲವು. ತಾಯಿಯ ಕಾಂಡಕೋಶಗಳಿಂದ 9 ವರ್ಷದ ಬಾಲಕನೊಬ್ಬ ಚೇತರಿಸಿಕೊಂಡ ಪ್ರಕರಣವನ್ನು ಸ್ವೀಡನ್‌ನ ಕಟಾರಿನಾ ಲೆ ಬ್ಲಾಂಕ್ ಮತ್ತು ಸಂಗಡಿಗರು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ಟೆರಾಯ್ಡ್‌ಗೆ ಮಣಿಯದ ತೀವ್ರ ತೊಡಕಿಗೆ ತುತ್ತಾದ ಮಕ್ಕಳಿಗಾಗಿ 'ರಯಾನ್ಸಿಲ್' ಎಂಬ ಕಾಂಡಕೋಶ ಔಷಧಕ್ಕೆ ಅಮೆರಿಕ 2024ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು.

ತೊಡಕು ತಲೆದೋರುವ ಮುನ್ನವೇ ತಡೆಯುವ ಯತ್ನಗಳೂ ನಡೆದಿವೆ. ಚೀನಾದಲ್ಲಿ 124 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಕ್ಕುಳಬಳ್ಳಿಯ ಕಾಂಡಕೋಶ ಪಡೆದವರ ಪೈಕಿ ಶೇ 27.4 ಮಂದಿಗೆ ಎರಡು ವರ್ಷಗಳೊಳಗೆ ದೀರ್ಘಕಾಲಿಕ ತೊಡಕು ಕಾಣಿಸಿತು. ಪಡೆಯದವರಲ್ಲಿ ಈ ಪ್ರಮಾಣ ಶೇ 49.

ಆದರೆ ಇಲ್ಲೊಂದು ಇಕ್ಕಟ್ಟಿದೆ. ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೂ ದಾನಿಯ ಅದೇ ರೋಗನಿರೋಧಕ ಕೋಶಗಳು. ಅವನ್ನು ಅತಿಯಾಗಿ ಅಡಗಿಸಿದರೆ ಸೋಂಕು ತಗುಲಬಹುದು, ಕ್ಯಾನ್ಸರ್ ಮರುಕಳಿಸಬಹುದು. ಆದ್ದರಿಂದಲೇ ಮುಂಜಾಗ್ರತೆಯ ಬಳಕೆ ಇನ್ನೂ ಪ್ರಯೋಗದ ಹಂತದಲ್ಲಿದೆ.