ಅಸಿಟೋನ್-ನೀರಿನ ಮಿಶ್ರಣದಲ್ಲಿ ವಿದ್ಯುದಾವೇಶವುಳ್ಳ ಜೆಲ್‌ನ ಕುಸಿತ: ಒಂದು ಟಿಪ್ಪಣಿ

ಪಾಲಿಅಕ್ರಿಲಮೈಡ್ ಜೆಲ್ ನೀರಿನಲ್ಲಿ ಉಬ್ಬುತ್ತದೆ; ನೀರಿಗೆ ಅಸಿಟೋನ್ ಬೆರೆಸುತ್ತ ಹೋದರೆ ಕುಗ್ಗುತ್ತದೆ. ಈ ಪಾಲಿಮರ್‌ಗೆ ನೀರು ಒಳ್ಳೆಯ ದ್ರಾವಕ, ಅಸಿಟೋನ್ ಅಲ್ಲ, ಇಷ್ಟರಲ್ಲಿ ಅಚ್ಚರಿಯಿಲ್ಲ. ವಿವರಣೆ ಬೇಕಿರುವುದು ಕುಗ್ಗುವ ರೀತಿಗೆ. ಕೆಲವು ಜೆಲ್‌ಗಳು ಹಂತಹಂತವಾಗಿ ಕುಗ್ಗಿದರೆ, ಇನ್ನು ಕೆಲವು ಅಸಿಟೋನಿನ ಒಂದು ನಿರ್ದಿಷ್ಟ ಪ್ರಮಾಣ ಮುಟ್ಟಿದೊಡನೆ ಕುಸಿದುಬಿಡುತ್ತವೆ.

ಇಂಥ ಜಿಗಿತ ಸಾಧ್ಯವೆಂದು ಡುಶೆಕ್ ಮತ್ತು ಪ್ಯಾಟರ್‌ಸನ್ 1968ರಲ್ಲೇ ಸಿದ್ಧಾಂತದ ನೆಲೆಯಲ್ಲಿ ಸೂಚಿಸಿದ್ದರು. ಎಂಐಟಿಯ ತೊಯೊಯಿಚಿ ತನಾಕ 1978ರಲ್ಲಿ ಅದನ್ನು ಪ್ರಯೋಗದಿಂದ ತೋರಿಸಿದರು. ಹೊಸ ಜೆಲ್ ನಯವಾಗಿ ಕುಗ್ಗಿತು, ಹಳೆಯದು ಒಮ್ಮೆಲೇ ಕುಸಿಯಿತು. ಈ ವ್ಯತ್ಯಾಸದ ಮೂಲವನ್ನು ತನಾಕ ಮತ್ತು ಸಂಗಡಿಗರು 1980ರಲ್ಲಿ ಬಿಡಿಸಿಟ್ಟರು. ಕ್ಷಾರೀಯ ದ್ರಾವಣದಲ್ಲಿ ದಿನ ಕಳೆದಂತೆ ಅಮೈಡ್ ಗುಂಪುಗಳು ಜಲವಿಭಜನೆಗೊಂಡು ಕಾರ್ಬಾಕ್ಸಿಲ್ ಗುಂಪುಗಳಾಗುತ್ತವೆ. ಅವು ಅಯಾನೀಕರಣಗೊಂಡು ಸರಪಳಿಗೆ ಋಣಾವೇಶ ಬರುತ್ತದೆ. ಆವೇಶ ಹೆಚ್ಚಿದಷ್ಟೂ ಕುಸಿತಕ್ಕೆ ಬೇಕಾದ ಅಸಿಟೋನ್ ಹೆಚ್ಚು, ಕುಸಿತವೂ ದೊಡ್ಡದು. ಗಾತ್ರ ನೂರಾರು ಪಟ್ಟು ಬದಲಾಗಬಲ್ಲದು.

ಋಣಾವೇಶವನ್ನು ಸರಿದೂಗಿಸುವ ಪ್ರತಿ-ಅಯಾನುಗಳು ಜೆಲ್ ಬಿಟ್ಟು ಹೊರಹೋಗಲಾರವು. ಅವುಗಳ ಅಭಿಸರಣ ಒತ್ತಡವೇ ಜಾಲವನ್ನು ಹಿಗ್ಗಿಸಿ ಹಿಡಿದಿರುತ್ತದೆ. ಪಾಲಿಮರ್‌ನ ಒಳಸೆಳೆತ ಈ ಒತ್ತಡವನ್ನು ಮೀರಿದಾಗ ನಡುವಿನ ಗಾತ್ರಗಳಲ್ಲಿ ಸ್ಥಿರತೆ ಉಳಿಯದು. ಜೆಲ್ ನೇರವಾಗಿ ಕುಗ್ಗಿದ ಸ್ಥಿತಿಗೆ ಜಿಗಿಯುತ್ತದೆ. ದ್ರವಕ್ಕೆ ಲವಣ ಬೆರೆಸಿದಾಗಲೂ ಪ್ರತಿ-ಅಯಾನುಗಳ ಈ ಪಾತ್ರ ಕಾಣುತ್ತದೆ: ಸೋಡಿಯಮ್ ಲವಣಕ್ಕಿಂತ ಮೆಗ್ನೀಸಿಯಮ್ ಲವಣ ಬಹಳ ಕಡಿಮೆ ಸಾಂದ್ರತೆಯಲ್ಲೇ ಕುಸಿತ ತರುತ್ತದೆ. ಏಕೆಂದರೆ ಎರಡು ಸೋಡಿಯಮ್ ಅಯಾನುಗಳ ಜಾಗಕ್ಕೆ ಒಂದು ಮೆಗ್ನೀಸಿಯಮ್ ಬಂದರೆ ಒಳಗಿನ ಅಯಾನುಗಳ ಸಂಖ್ಯೆಯೇ ಇಳಿಯುತ್ತದೆ.

ಆದರೆ ಅಸಿಟೋನನ್ನು ಬರಿಯ ‘ಕೆಟ್ಟ ದ್ರಾವಕ’ ಎಂದು ಲೆಕ್ಕ ಹಾಕುವುದು ಸಾಲದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 78, ಅಸಿಟೋನಿನದು ಸುಮಾರು 21. ಎರಡು ಏಕಾವೇಶಗಳ ನಡುವಿನ ಶಕ್ತಿ ಉಷ್ಣಶಕ್ತಿಗೆ ಸಮವಾಗುವ ದೂರ, ಅಂದರೆ ಬಿಯೆರಮ್ ದೂರ, ನೀರಿನಲ್ಲಿ 0.7 ನ್ಯಾನೋಮೀಟರ್; ಶುದ್ಧ ಅಸಿಟೋನಿನಲ್ಲಿ ಸುಮಾರು 2.7. ಅಸಿಟೋನ್ ಏರಿದಂತೆ ಪ್ರತಿ-ಅಯಾನುಗಳು ಕಾರ್ಬಾಕ್ಸಿಲ್‌ಗೆ ಅಂಟಿಕೊಂಡು ಒತ್ತಡಕ್ಕೆ ಕೊಡುಗೆ ನೀಡುವುದನ್ನು ನಿಲ್ಲಿಸುತ್ತವೆ. ಹೀಗೆ ಒಂದೇ ದ್ರವ ಒಳಸೆಳೆತವನ್ನು ಹೆಚ್ಚಿಸುತ್ತಲೇ ಒತ್ತಡವನ್ನೂ ತಗ್ಗಿಸುತ್ತದೆ.

ಅಳತೆಯಲ್ಲೂ ಎಚ್ಚರ ಬೇಕು. ಪಾಲಿಮರ್ ನೀರನ್ನೇ ಬಯಸುವುದರಿಂದ ಜೆಲ್‌ನೊಳಗಿನ ಮಿಶ್ರಣವೂ ಹೊರಗಿನದೂ ಒಂದೇ ಆಗಿರಬೇಕಿಲ್ಲ. ತೂಕ ಮಾತ್ರ ನೋಡಿದರೆ ಇದು ಕಾಣದು. ಸಮತೋಲಕ್ಕೆ ತಗಲುವ ಕಾಲ ಜೆಲ್‌ನ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ವ್ಯಾಸ ಇಮ್ಮಡಿಯಾದರೆ ಕಾಯುವ ಸಮಯ ನಾಲ್ಮಡಿ.

ಆದ್ದರಿಂದ ಕುಸಿತದ ಬಿಂದುವನ್ನು ಅಸಿಟೋನಿನ ಶೇಕಡಾವಾರಿನಲ್ಲಷ್ಟೇ ಹೇಳುವ ವರದಿ ಅಪೂರ್ಣ. ಜಲವಿಭಜನೆಯ ಮಟ್ಟ, ಪ್ರತಿ-ಅಯಾನು, ಒಳದ್ರವದ ಸಂಯೋಜನೆ, ಮಾದರಿಯ ವ್ಯಾಸ, ಕಾದ ಅವಧಿ ಇವೆಲ್ಲ ಜೊತೆಗಿದ್ದರೆ ಮಾತ್ರ ಒಂದು ಪ್ರಯೋಗಶಾಲೆಯ ಅಂಕಿಯನ್ನು ಇನ್ನೊಂದರದ್ದಕ್ಕೆ ಹೋಲಿಸಬಹುದು.