ಖಾಲಿ ಕ್ಯಾಂಪಸ್ಸು, ತುಂಬಿದ ಕಟ್ಟೆ

ಬಹಳ ದಿನಗಳಾಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸು, ರಿಲೀಸು ಮುಗಿದ ಮೇಲೆ ಅದರ ಬಗ್ಗುಗಳು... ಅದೇ ಹಳೇ ರಾಮಾಯಣ. ಆದರೆ ಈ ಸಲ ಬರೆಯೋಕೆ ಕಾರಣವೂ ಆ ರಿಲೀಸೇ.

ನಮ್ಮ ತಂಡ ಎಂಟು ತಿಂಗಳು ಕೂತು ಒಂದು ಕಾಲೇಜಿಗೆ (ಹೆಸರು ಬೇಡ ಬಿಡಿ) ಒಂದು ಆಪ್ ಮಾಡಿಕೊಟ್ಟಿತು. ಪ್ರೊಫೈಲು, ಗುಂಪು, ಲೈಕು, ಚಾಟು ಎಲ್ಲ ಇತ್ತು. ಅದರ ಜೊತೆಗೆ ಇಡೀ ಕಾಲೇಜಿನ ತ್ರೀಡಿ ನಕಲು. ಗೇಟು, ಲೈಬ್ರರಿ, ಆಡಿಟೋರಿಯಂ, ಕೊನೆಗೆ ಗಾರ್ಡನ್ನಿನ ಕಾರಂಜಿ ಕೂಡ. ವಿದ್ಯಾರ್ಥಿಗಳು ಗೊಂಬೆ ರೂಪದಲ್ಲಿ ಅಲ್ಲೆಲ್ಲ ಓಡಾಡಬಹುದು. ಆ ಕಾರಂಜಿಯ ನೀರು ಸರಿಯಾಗಿ ಚಿಮ್ಮೋ ಹಾಗೆ ಮಾಡೋಕೆ ನಾನೇ ಎರಡು ವಾರ ನಿದ್ದೆಗೆಟ್ಟಿದ್ದೆ. ಮೂರು ತಿಂಗಳಾದ ಮೇಲೆ ಒಂದು ದಿನ ಲಾಗು ತೆಗೆದು ನೋಡಿದರೆ, ಆ ಕ್ಯಾಂಪಸ್ಸಿನೊಳಗೆ ಇದ್ದವರು ಮೂರೇ ಜನ. ಅದರಲ್ಲಿ ಇಬ್ಬರು ನಮ್ಮ ಟೆಸ್ಟರುಗಳು :)

ನನ್ನ ಚಿಕ್ಕಮ್ಮನ ಮಗಳು ಓದ್ತಿರೋದು ಅದೇ ಕಾಲೇಜಿನಲ್ಲಿ. ಫೋನು ಮಾಡಿ, "ಯಾಕೇ, ನೀವ್ಯಾರೂ ಅದನ್ನ ಬಳಸೋದೇ ಇಲ್ವಾ?" ಅಂತ ಕೇಳಿದೆ. "ಅಲ್ಲಿ ಯಾರಿದ್ದಾರೆ ಅಂತ ಹೋಗ್ಲಿ ಅಣ್ಣಾ? ಇರೋದು ಎಚ್ಓಡಿ ಒಬ್ರೇ!" ಅಂದಳು. ಅವರ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ರಾತ್ರಿ ಎರಡು ಗಂಟೆಗೂ ಗದ್ದಲವಂತೆ.

ನಮಗಿಂತ ಮುಂಚೆ ಯಾರಾದರೂ ಹೀಗೆ ಕಟ್ಟಿ ಕೈ ಸುಟ್ಟುಕೊಂಡಿದ್ದಾರಾ ಅಂತ ಹುಡುಕ್ತಾ ಹೋದೆ. ಕಥೆ ಅರವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯ್ತು.

*

ಕಾಲೇಜು, ಕಂಪ್ಯೂಟರು, ಹರಟೆ ಈ ಮೂರೂ ಸೇರಿದ ಕಥೆ ಫೇಸ್‌ಬುಕ್ಕಿನಿಂದ ಶುರುವಾಯ್ತು ಅಂದುಕೊಂಡಿದ್ದೆ. ಅಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲೇ ಡಾನ್ ಬಿಟ್ಜರ್ ಅನ್ನುವ ಎಂಜಿನಿಯರು ಕಂಪ್ಯೂಟರಿನಿಂದ ಪಾಠ ಹೇಳಿಸುವ ಒಂದು ವ್ಯವಸ್ಥೆ ಶುರು ಮಾಡಿದ್ದರು. ಹೆಸರು ಪ್ಲೇಟೋ. ಒಂದು ದೊಡ್ಡ ಕಂಪ್ಯೂಟರು, ಅದಕ್ಕೆ ಜೋಡಿಸಿದ ಟರ್ಮಿನಲ್ಲುಗಳು. ವಿದ್ಯಾರ್ಥಿ ಕೂತು ಪಾಠ ಓದಬೇಕು, ಪ್ರಶ್ನೆಗೆ ಉತ್ತರ ಒತ್ತಬೇಕು. 1970ರ ದಶಕದ ಹೊತ್ತಿಗೆ ಆ ಟರ್ಮಿನಲ್ಲುಗಳಿಗೆ ಕಿತ್ತಳೆ ಬಣ್ಣದಲ್ಲಿ ಬೆಳಗುವ ಪ್ಲಾಸ್ಮಾ ಪರದೆ ಬಂದಿತ್ತು, ಬೆರಳಿನಿಂದ ಮುಟ್ಟಿದರೆ ಅರ್ಥವಾಗ್ತಿತ್ತು. ಆ ಪ್ಲಾಸ್ಮಾ ಪರದೆಯನ್ನು ಕಂಡುಹಿಡಿದವರೂ ಬಿಟ್ಜರ್ ಮತ್ತು ಅವರ ಇಬ್ಬರು ಜೊತೆಗಾರರೇ.

ಇಷ್ಟೆಲ್ಲ ಮಾಡಿದ್ದು ಪಾಠಕ್ಕೆ. ನಡೆದದ್ದೇನು ನೋಡಿ.

1973ರಲ್ಲಿ ಡೇವಿಡ್ ವೂಲಿ ಅನ್ನೋ 17 ವರ್ಷದ ಹುಡುಗನಿಗೆ ಒಂದು ಕೆಲಸ ಕೊಟ್ಟರು. ಪ್ಲೇಟೋದಲ್ಲಿ ಏನಾದರೂ ಕೆಟ್ಟರೆ ಜನ ಬರೆದು ತಿಳಿಸೋಕೆ ಒಂದು ಕಡತ ಇತ್ತು. ಅದರಲ್ಲಿ ಯಾರು ಬೇಕಾದರೂ ಯಾರ ಬರಹವನ್ನಾದರೂ ಅಳಿಸಬಹುದಿತ್ತು. ಅದಕ್ಕೊಂದು ಶಿಸ್ತು ತರಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದು ಬಗ್ ಟ್ರ್ಯಾಕರು! ಹುಡುಗ ಬರೆದ ಪ್ರೋಗ್ರಾಮಿನ ಹೆಸರು ನೋಟ್ಸ್. ಒಬ್ಬರು ಏನೋ ಬರೀತಾರೆ, ಅದರ ಕೆಳಗೆ ಉಳಿದವರ ಉತ್ತರಗಳು ಸಾಲಾಗಿ ನಿಲ್ಲುತ್ತವೆ. ಅದೇ ವರ್ಷ ಡಗ್ ಬ್ರೌನ್ ಜೊತೆ ಸೇರಿ ಟಾಕೋಮ್ಯಾಟಿಕ್ ಅನ್ನೋದು ಬಂತು. ಒಂದು ಕೋಣೆಯಲ್ಲಿ ಐದು ಜನ ಒಟ್ಟಿಗೆ ಹರಟಬಹುದು, ಒತ್ತಿದ ಒಂದೊಂದು ಅಕ್ಷರವೂ ಆಗಲೇ ಉಳಿದವರಿಗೆ ಕಾಣುತ್ತೆ. 1976ರಲ್ಲಿ ಯಾವ ವಿಷಯಕ್ಕೆ ಬೇಕಾದರೂ ನೋಟ್ಸ್ ತೆರೆಯುವ ಅವಕಾಶ ಸಿಕ್ಕಿದ ಮೇಲಂತೂ ಸಿನಿಮಾ, ಸಂಗೀತ, ಪುಸ್ತಕ, ಜಗಳ ಎಲ್ಲ ಅಲ್ಲಿಗೆ ಬಂತು. ಬಗ್ಗುಗಳಿಗಾಗಿ ಹಾಸಿದ್ದ ಕಲ್ಲು ಹರಟೆಕಟ್ಟೆಯಾಯ್ತು. (ಅಲ್ಲಿ ಓದುತ್ತಾ ಈ ನೋಟ್ಸ್ ಕಂಡ ರೇ ಓಝಿ ಮುಂದೆ ಲೋಟಸ್ ನೋಟ್ಸ್ ಮಾಡಿದರು. ಆಫೀಸಿನಲ್ಲಿ ಅದನ್ನು ಬಳಸಿ ಬೈದುಕೊಂಡ ಹಿರಿಯರಿಗೆ ಅದರ ಮೂಲ ಇದು ಅಂತ ತಿಳಿಸಿ.)

ಆಟಗಳ ಕಥೆ ಇನ್ನೂ ಚೆನ್ನಾಗಿದೆ. 1975ರಲ್ಲಿ ಅಲ್ಲೇ ಒಬ್ಬರು ಗುಹೆಯೊಳಗೆ ಹೋಗಿ ರಾಕ್ಷಸರನ್ನು ಕೊಂದು ನಿಧಿ ತರುವ ಆಟವೊಂದನ್ನು ಬರೆದರು. ಅದರ ಕಡತದ ಹೆಸರು 'ಪೆಡಿಟ್5'. ಯಾಕೆ ಇಂಥ ಒಣ ಹೆಸರು ಅಂದರೆ, ಅದು ಪಾಠಗಳಿಗೆ ಅಂತ ಕೊಟ್ಟಿದ್ದ ಜಾಗ. ಪಾಠದ ಹೊದಿಕೆ ಹೊದ್ದು ಆಟ ಮಲಗಿತ್ತು. ನಿರ್ವಾಹಕರು ಅಳಿಸಿದರು, ಅದು ಮತ್ತೆ ಬಂತು, ಮತ್ತೆ ಅಳಿಸಿದರು... ಕಂಪ್ಯೂಟರಿನಲ್ಲಿ ಗುಹೆ ಹೊಕ್ಕುವ ಆಟಗಳಲ್ಲಿ ನಮಗೆ ತಿಳಿದಿರುವ ಅತಿ ಹಳೆಯವುಗಳಲ್ಲಿ ಅದೂ ಒಂದು.

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲೂ ಹೀಗೇ. 1978ರಲ್ಲಿ ರಾಯ್ ಟ್ರಬ್‌ಶಾ ಅನ್ನುವ ವಿದ್ಯಾರ್ಥಿ 'ಮಡ್' ಅನ್ನೋ ಆಟ ಬರೆಯೋಕೆ ಶುರು ಮಾಡಿದ, ಆಮೇಲೆ ರಿಚರ್ಡ್ ಬಾರ್ಟಲ್ ಕೈಗೆ ಬಂತು. ಚಿತ್ರವಿಲ್ಲ, ಬರೀ ಅಕ್ಷರ. 'ಉತ್ತರಕ್ಕೆ ಹೋಗು' ಅಂತ ಬರೆದರೆ ಉತ್ತರದ ಕೋಣೆ ಹೇಗಿದೆ ಅಂತ ಬರೆದು ತೋರಿಸುತ್ತೆ, ಅಲ್ಲಿ ಇನ್ನೊಬ್ಬ ನಿಜವಾದ ಮನುಷ್ಯ ಸಿಗ್ತಾನೆ. ಹಗಲು ಕಂಪ್ಯೂಟರು ವಿಶ್ವವಿದ್ಯಾಲಯದ ಕೆಲಸಕ್ಕೆ. ಹೊರಗಿನವರು ಫೋನ್ ಲೈನಿನ ಮೂಲಕ ಬಂದು ಆಡಬೇಕಾದರೆ ರಾತ್ರಿ ಹೊತ್ತಿನಲ್ಲಿ. ಇವತ್ತಿನ ವರ್ಚುವಲ್ ಪ್ರಪಂಚಗಳಿಗೆಲ್ಲ ಅಜ್ಜ ಅಂದರೆ ಈ ಮಡ್.

ಎರಡು ಕಡೆಯೂ ಒಂದೇ ಮಾತು ಕಾಣ್ತಿದೆ ಅಲ್ವಾ? ಕಾಲೇಜು ಕೊಟ್ಟದ್ದು ಯಂತ್ರ ಮತ್ತು ಜಾಗ. ಜನ ಸೇರುವ ಕಟ್ಟೆ ಮಾಡಿಕೊಂಡದ್ದು ಹುಡುಗರು, ಅದೂ ಕಾಲೇಜು ಬೇಕು ಅಂತ ಕೇಳದೇ ಇದ್ದಾಗ.

*

2004ರ ಫೆಬ್ರವರಿ 4ಕ್ಕೆ ಬರೋಣ. ಹಾರ್ವರ್ಡಿನ ಹಾಸ್ಟೆಲುಗಳಲ್ಲಿ ವಿದ್ಯಾರ್ಥಿಗಳ ಫೋಟೋ, ಹೆಸರು ಇರುವ 'ಫೇಸ್ ಬುಕ್'ಗಳು ಮೊದಲೇ ಇದ್ದವು. ಎಲ್ಲವನ್ನೂ ಒಂದೇ ಕಡೆ ಆನ್‌ಲೈನಿನಲ್ಲಿ ತರುವ ಮಾತು ವಿಶ್ವವಿದ್ಯಾಲಯದಲ್ಲೂ ನಡೆದಿತ್ತು. ಅಷ್ಟರಲ್ಲಿ ಎರಡನೇ ವರ್ಷದ ವಿದ್ಯಾರ್ಥಿ ಮಾರ್ಕ್ ಝಕರ್‌ಬರ್ಗ್ ತಾನೇ ಮಾಡಿಬಿಟ್ಟ. ಹಾರ್ವರ್ಡಿನ ಇಮೇಲ್ ಇದ್ದವರಿಗೆ ಮಾತ್ರ ಪ್ರವೇಶ. ಒಂದು ತಿಂಗಳೊಳಗೆ ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೇರಿದ್ದರು. ಮಾರ್ಚಿನಲ್ಲಿ ಕೊಲಂಬಿಯಾ, ಸ್ಟ್ಯಾನ್‌ಫರ್ಡ್, ಯೇಲ್. ವರ್ಷದ ಕೊನೆಗೆ ಹತ್ತು ಲಕ್ಷ ಜನ. 2006ರ ಸೆಪ್ಟೆಂಬರಿನವರೆಗೂ ಅದು ಎಲ್ಲರಿಗೂ ತೆರೆದಿರಲಿಲ್ಲ. (ನಮ್ಮ ಕಡೆ ಆಗ ಆರ್ಕುಟ್ ಕಾಲ. ನಮ್ಮಣ್ಣ ಕಾಲೇಜಿನ ಕಮ್ಯುನಿಟಿಯಲ್ಲಿ ಬಿದ್ದಿರ್ತಿದ್ದ. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿದಾಗ ಮನೇಲಿ ಯಾರೋ ತೀರಿಕೊಂಡ ಹಾಗೆ ಕೂತಿದ್ದ.)

ಅಲ್ಲಿ ಹುಡುಗರು ಸೇರಿದ್ದು ಕಾಲೇಜಿನವರಿಗೆ ಗೊತ್ತಾಗದೆ ಇರುತ್ತಾ? ಅವರು ಮೊದಲು ಬಂದದ್ದು ಕಾವಲುಗಾರರಾಗಿ. 2005ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಹಾಸ್ಟೆಲಿನಲ್ಲಿ ಕುಡಿದ ಫೋಟೋಗಳನ್ನು ಫೇಸ್‌ಬುಕ್ಕಿನಲ್ಲಿ ನೋಡಿ ವಿದ್ಯಾರ್ಥಿಗಳ ಮೇಲೆ ದೂರು ಹಾಕಿದ್ದು ಸುದ್ದಿಯಾಯ್ತು.

ಇದಕ್ಕಿಂತ ನನ್ನ ಮನಸ್ಸು ಕಲಕಿದ್ದು ಟೊರಾಂಟೋದ ರೈಯರ್ಸನ್ ವಿಶ್ವವಿದ್ಯಾಲಯದ ಪ್ರಕರಣ (2022ರಿಂದ ಅದರ ಹೆಸರು ಟೊರಾಂಟೋ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯ). ಅಲ್ಲಿ ಹುಡುಗರೆಲ್ಲ ಕೂತು ಓದುವ ಒಂದು ಕೋಣೆ ಇತ್ತು, ಅದನ್ನು ಅವರು 'ಡಂಜನ್', ಅಂದರೆ ನೆಲಮಾಳಿಗೆಯ ಸೆರೆಮನೆ, ಅಂತ ಕರೀತಿದ್ದರು. ಎಂಜಿನಿಯರಿಂಗ್ ಮೊದಲ ವರ್ಷದವರು ಅದೇ ಹೆಸರಿಟ್ಟು ಫೇಸ್‌ಬುಕ್ಕಿನಲ್ಲಿ ಕೆಮಿಸ್ಟ್ರಿ ಗುಂಪು ನಡೆಸಿದರು. 146 ಜನ ಸೇರಿದ್ದರು. ಹತ್ತು ಪರ್ಸೆಂಟ್ ಅಂಕದ ಹೋಂವರ್ಕು. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಶ್ನೆ, ಒಬ್ಬೊಬ್ಬರೇ ಮಾಡಬೇಕು ಅನ್ನೋದು ಪ್ರೊಫೆಸರ ನಿಯಮ. ಗುಂಪಿನಲ್ಲಿ ಒಬ್ಬರಿಗೊಬ್ಬರು ಕೇಳಿಕೊಳ್ತಿದ್ದರು. 2008ರಲ್ಲಿ ಆ ಗುಂಪು ನೋಡಿಕೊಳ್ತಿದ್ದ ವಿದ್ಯಾರ್ಥಿಯ ಮೇಲೆ 147 ಆರೋಪ! ಅವನದ್ದೊಂದು, ಉಳಿದ ಒಬ್ಬೊಬ್ಬ ಸದಸ್ಯನ ಲೆಕ್ಕದಲ್ಲಿ ಒಂದೊಂದು. ಕಾಲೇಜಿನಿಂದ ಹೊರಹಾಕುವ ತನಕ ಮಾತು ಹೋಯ್ತು. ಕೋಣೆಯಲ್ಲಿ ಕೂತು ಕೇಳಿದರೆ ಓದು, ಅದನ್ನೇ ಇಲ್ಲಿ ಕೇಳಿದರೆ ಕಳ್ಳತನವಾ ಅನ್ನೋದು ಅವನ ವಾದ. ಕಡೆಗೆ ಆ ಮಾರ್ಚಿನಲ್ಲಿ ಹೊರಹಾಕೋದಿಲ್ಲ ಅಂತ ತೀರ್ಮಾನವಾಯ್ತು, ಹೋಂವರ್ಕಿಗೆ ಮಾತ್ರ ಸೊನ್ನೆ.

ಪ್ರೊಫೆಸರದ್ದೇ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ, ನಿಯಮ ಅವರು ಹೇಳಿದ್ದರು. ಆದರೆ ಒಂದು ಯೋಚಿಸಿ. ವಿದ್ಯಾರ್ಥಿಗಳು ತೊಡಗಿಕೊಳ್ಳಬೇಕು, ಒಟ್ಟಿಗೆ ಕಲೀಬೇಕು ಅಂತ ಕಾಲೇಜುಗಳು ಲಕ್ಷಗಟ್ಟಲೆ ಸುರೀತವೆ. ಇಲ್ಲಿ 146 ಜನ ಯಾರೂ ಹೇಳದೆ ಕೆಮಿಸ್ಟ್ರಿಗಾಗಿ ಸೇರಿದ್ದರು! ಅದು ಕಾಲೇಜಿನ ಕಣ್ಣಿಗೆ ಬಿದ್ದದ್ದು ಅಪರಾಧದ ಹಾಗೆ.

*

ಅದೇ ವರ್ಷಗಳಲ್ಲಿ ಕಾಲೇಜುಗಳು ತಾವೇ ಕಟ್ಟೋಕೆ ಹೊರಟಿದ್ದು ಸೆಕೆಂಡ್ ಲೈಫಿನಲ್ಲಿ. ಲಿಂಡೆನ್ ಲ್ಯಾಬ್ ಅನ್ನೋ ಕಂಪನಿ 2003ರಲ್ಲಿ ತೆರೆದ ತ್ರೀಡಿ ಪ್ರಪಂಚ ಅದು. ದ್ವೀಪ ಕೊಂಡು ಏನು ಬೇಕಾದರೂ ಕಟ್ಟಬಹುದು. 2006ರಲ್ಲಿ ಹಾರ್ವರ್ಡ್ ಲಾ ಸ್ಕೂಲಿನ ಚಾರ್ಲ್ಸ್ ನೆಸನ್ ತಮ್ಮ ಮಗಳು ರೆಬೆಕಾ ಜೊತೆ ಅಲ್ಲೊಂದು ಕೋರ್ಸು ನಡೆಸಿದರು. ಹಾರ್ವರ್ಡಿನ ಕಟ್ಟಡವನ್ನೇ ಅಲ್ಲಿ ಕಟ್ಟಿ, ದೂರದೂರಿನ ವಿದ್ಯಾರ್ಥಿಗಳ ಗೊಂಬೆಗಳನ್ನು ಕೂರಿಸಿ ಪಾಠ. ಪತ್ರಿಕೆಗಳೆಲ್ಲ ಬರೆದವು. ನೂರಾರು ಕಾಲೇಜುಗಳು ಓಡಿ ಬಂದು ಸೈಟು ತಗೊಂಡವು. ಬೆಂಗಳೂರಿನ ಹೊರವಲಯದ ಲೇಔಟುಗಳ ಹಾಗೆ :) ಗೇಟು, ಗೋಪುರ, ಆಡಿಟೋರಿಯಂ, ಲೋಗೋ ಎಲ್ಲ ಬಂತು. ಉದ್ಘಾಟನೆಯ ದಿನ ಜನ, ಮಾರನೆ ದಿನದಿಂದ ಗಾಳಿ. ನಮ್ಮ ಕಾರಂಜಿ ನೆನಪಾಯ್ತು.

ಎಲ್ಲವೂ ಖಾಲಿ ಇತ್ತು ಅಂದರೆ ತಪ್ಪಾಗುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಮನೋವೈದ್ಯ ಪೀಟರ್ ಯೆಲ್ಲೋಲೀಸ್ ಅಲ್ಲೊಂದು ಆಸ್ಪತ್ರೆ ವಾರ್ಡು ಕಟ್ಟಿದ್ದರು. ಸ್ಕಿಜೋಫ್ರೇನಿಯಾ ಇರುವವರಿಗೆ ಏನು ಕೇಳಿಸುತ್ತೆ, ಏನು ಕಾಣಿಸುತ್ತೆ ಅಂತ ಅವರನ್ನೇ ಕೇಳಿ ತಿಳಿದು ಮಾಡಿದ್ದು. ನೀವು ಒಳಗೆ ನಡೆದರೆ ಯಾರೂ ಇಲ್ಲದೆ ಧ್ವನಿಗಳು ನಿಮ್ಮನ್ನು ಬೈಯ್ಯುತ್ತವೆ. ವೈದ್ಯ ವಿದ್ಯಾರ್ಥಿಗೆ ಇದನ್ನು ಯಾವ ಕ್ಲಾಸ್‌ರೂಮಿನಲ್ಲಿ ತೋರಿಸ್ತೀರಿ? ಟೆಕ್ಸಸ್ ವೆಸ್ಲಿಯನ್ ವಿಶ್ವವಿದ್ಯಾಲಯದ ಮೇರಿ ಆನ್ ಕ್ಲಾರ್ಕ್ 'ಜೀನೋಮ್ ಐಲೆಂಡ್' ಕಟ್ಟಿ ಅಲ್ಲಿ ಮೆಂಡೆಲನ ಬಟಾಣಿ ಗಿಡಗಳ ತೋಟವನ್ನೇ ಇಟ್ಟರು, ವಿದ್ಯಾರ್ಥಿಗಳು ಅಲ್ಲಿ ತಳಿ ಪ್ರಯೋಗ ಮಾಡಬಹುದಿತ್ತು.

ಆಮೇಲೆ ಬಾಡಿಗೆಯ ಪ್ರಶ್ನೆ. ಒಂದು ದ್ವೀಪಕ್ಕೆ ತಿಂಗಳಿಗೆ 295 ಡಾಲರ್, ಕಾಲೇಜುಗಳಿಗೆ ಹೆಚ್ಚುಕಡಿಮೆ ಅರ್ಧ. 2010ರ ಅಕ್ಟೋಬರಿನಲ್ಲಿ ಲಿಂಡೆನ್ ಲ್ಯಾಬ್, 2011ರಿಂದ ಈ ರಿಯಾಯಿತಿ ಇಲ್ಲ ಅಂದುಬಿಟ್ಟಿತು. ಎಷ್ಟೋ ಕಾಲೇಜುಗಳು ಗಂಟುಮೂಟೆ ಕಟ್ಟಿದವು. ಕೆಲವರು ಓಪನ್‌ಸಿಮ್ ಅನ್ನೋ ಮುಕ್ತ ತಂತ್ರಾಂಶಕ್ಕೆ ಹೋದರು. 2013ರಲ್ಲಿ ರಿಯಾಯಿತಿ ಮತ್ತೆ ಬಂತು, ಆದರೆ ಆ ಹುರುಪು ಬರಲಿಲ್ಲ. ಪರರ ಜಮೀನಿನಲ್ಲಿ ಮನೆ ಕಟ್ಟಿದರೆ ಇನ್ನೇನಾಗುತ್ತೆ?

*

ಕೊನೆಯದಾಗಿ 2020. ಕೋವಿಡ್ಡಿನಿಂದ ಕಾಲೇಜುಗಳೆಲ್ಲ ಮುಚ್ಚಿದ್ದವು. ಬರ್ಕ್ಲಿಯ ವಿದ್ಯಾರ್ಥಿಗಳು ತಮಾಷೆಗೆ ಅಂತ ಶುರು ಮಾಡಿ ಮೈನ್‌ಕ್ರಾಫ್ಟ್ ಆಟದೊಳಗೆ ತಮ್ಮ ಕ್ಯಾಂಪಸ್ಸನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದರು. ನೂರಕ್ಕೂ ಹೆಚ್ಚು ಕಟ್ಟಡ. ಮೇ 16ರಂದು ಅಲ್ಲೇ ಪದವಿ ಸಮಾರಂಭ, ಚಾನ್ಸೆಲರ್ ಕೂಡ ಗೊಂಬೆಯಾಗಿ ಬಂದು ಮಾತಾಡಿದರು. ಇಲ್ಲಿ ಅತಿಥಿ ಕಾಲೇಜು, ಮನೆಯವರು ಹುಡುಗರು.

ಆದರೆ ಅದೇ ಆಗಸ್ಟ್ 23ಕ್ಕೆ ಐಐಟಿ ಬಾಂಬೆಯ ಘಟಿಕೋತ್ಸವ ನನ್ನ ವಾದಕ್ಕೆ ಅಡ್ಡ ಬರುತ್ತೆ. ಅದು ಕಾಲೇಜೇ ಮಾಡಿದ್ದು. ಒಬ್ಬೊಬ್ಬ ಪದವೀಧರನ ಗೊಂಬೆಗೂ ನಿರ್ದೇಶಕರ ಗೊಂಬೆ ಪದವಿ ಪತ್ರ ಕೊಟ್ಟಿತು. ಮುಖ್ಯ ಅತಿಥಿ ನೊಬೆಲ್ ವಿಜೇತ ಡಂಕನ್ ಹಾಲ್ಡೇನ್. ನಕ್ಕವರು ನಕ್ಕರು. ಆದರೆ ಮನೆಯಲ್ಲಿ ಅಪ್ಪ ಅಮ್ಮನ ಪಕ್ಕ ಕೂತು ತನ್ನ ಹೆಸರು ಕೂಗೋದನ್ನ ಕೇಳಿದವನಿಗೆ ಅದು ನಿಜವಾದ ಘಟಿಕೋತ್ಸವವೇ.

ಇದರಿಂದ ನನಗೊಂದು ವಿಷಯ ಹೊಳೀತು. ಹೋಗಿ ಬರುವ ಜಾಗವನ್ನು ಕಾಲೇಜು ಕಟ್ಟಬಹುದು. ಆ ವಾರ್ಡು, ಆ ಬಟಾಣಿ ತೋಟ, ಆ ಘಟಿಕೋತ್ಸವ ಎಲ್ಲ ಅಂಥವು. ಹೋಗೋಕೆ ಒಂದು ಕಾರಣ ಇತ್ತು, ಹೋದರು, ಬಂದರು. ಆದರೆ ಕೂತು ಹರಟುವ ಜಾಗವನ್ನು ಕಟ್ಟಿಕೊಡೋಕೆ ಆಗಲ್ಲ. ಅದನ್ನು ಹುಡುಗರೇ ಮಾಡಿಕೊಳ್ಳಬೇಕು. ದೊಡ್ಡವರು ಮಾಡಬಹುದಾದ ಉಪಕಾರ ಅಂದರೆ ಮರ ಕಡಿಯದೆ ಇರೋದು, ಕಟ್ಟೆಯ ಮೇಲೆ ಕ್ಯಾಮೆರಾ ಇಡದೆ ಇರೋದು.

ನಮ್ಮ ಮ್ಯಾನೇಜರು ಎರಡನೇ ಹಂತಕ್ಕೆ ಪ್ರಸ್ತಾಪ ಬರೆಯೋಕೆ ಹೇಳಿದ್ದಾರೆ. ಲಾಗಿನ್ ಆದವರಿಗೆ ಪಾಯಿಂಟು, ಬ್ಯಾಡ್ಜು ಕೊಡಬೇಕಂತೆ. ವಿದ್ಯಾರ್ಥಿಗಳ ಚಾಟು ಎಚ್ಓಡಿಗೆ ಕಾಣಿಸಬೇಕಂತೆ. ನಾನು ಬೇರೆ ಬರೆದು ಕಳಿಸಿದ್ದೇನೆ: ಕ್ಯಾಂಪಸ್ಸು ತೆಗೆದುಬಿಡೋಣ, ಕಾರಂಜಿಯ ಸಮೇತ. ಅದರ ಬದಲು ಓಡುತ್ತಿರುವ ಟರ್ಬೈನಿನ ಒಳಗೆ ಹೊಕ್ಕು ನೋಡುವ ಒಂದೇ ಒಂದು ಲ್ಯಾಬು ಮಾಡೋಣ. ಚಾಟು ಮಾತ್ರ ಹುಡುಗರದ್ದು, ಅವರಿಗೇ ಬಿಡೋಣ. ಇನ್ನೂ ಉತ್ತರ ಬಂದಿಲ್ಲ. ಬೈಗುಳ ಬಂದರೂ ಬರಬಹುದು.

ಚಿಕ್ಕಮ್ಮನ ಮಗಳಿಗೆ ಇದನ್ನು ಹೇಳಿದೆ. "ಟರ್ಬೈನ್ ಚೆನ್ನಾಗಿರುತ್ತೆ ಅಣ್ಣಾ, ನೋಡ್ತೀವಿ. ಆದ್ರೆ ನಮ್ ಗುಂಪು ವಾಟ್ಸಾಪಲ್ಲೇ ಇರುತ್ತೆ" ಅಂದಳು. ಸರಿಯಾಗೇ ಹೇಳಿದಳು.

ಅಂದ ಹಾಗೆ, ನೀವು ಓದುವಾಗ ನಿಮ್ಮ ಕಟ್ಟೆ ಯಾವುದಿತ್ತು? ಕ್ಯಾಂಟೀನಾ, ಬಸ್‌ಸ್ಟಾಪಾ, ಆರ್ಕುಟ್ಟಾ? ಹೇಳ್ತೀರಲ್ಲ?